ಕರುಳಿನ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್ ಇಮ್ಯುನೋಥೆರಪಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬಗೆಯ ಕ್ಯಾನ್ಸರ್, ಒಂದೇ ಹಂತ, ಒಂದೇ ಔಷಧ. ಆದರೂ ಒಬ್ಬರ ಗಡ್ಡೆ ಕರಗುತ್ತದೆ, ಇನ್ನೊಬ್ಬರದು ಬೆಳೆಯುತ್ತಲೇ ಹೋಗುತ್ತದೆ. ಈ ವ್ಯತ್ಯಾಸಕ್ಕೆ ಗಡ್ಡೆಯೊಳಗೇ ಹಲವು ಕಾರಣಗಳಿವೆ. ಅವುಗಳ ಜೊತೆಗೆ, ಗಡ್ಡೆಯಿಂದ ಬಹುದೂರದಲ್ಲಿರುವ ಕರುಳಿನ ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ ಎಂಬುದು ಕಳೆದ ಒಂದು ದಶಕದ ಸಂಶೋಧನೆಯಿಂದ ಕಂಡುಬಂದಿದೆ. ರೋಗಿಗಳೂ ಅವರ ಮನೆಯವರೂ ಈ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದೆ. ನಿಮ್ಮ ಚಿಕಿತ್ಸೆಯ ಯಾವ ನಿರ್ಧಾರವನ್ನೂ ಇದನ್ನು ಓದಿ ಬದಲಿಸಬೇಡಿ. ನಿಮ್ಮ ವೈದ್ಯರೊಡನೆ ಮಾತಾಡುವಾಗ ಇದು ನೆರವಿಗೆ ಬಂದರೆ ಸಾಕು.

ಪ್ರಶ್ನೆ: ಇಲ್ಲಿ ಇಮ್ಯುನೋಥೆರಪಿ ಎಂದರೆ ಯಾವ ಚಿಕಿತ್ಸೆ?

ಆ ಹೆಸರಿನಡಿ ಹಲವು ಚಿಕಿತ್ಸೆಗಳು ಬರುತ್ತವೆ. ಕರುಳಿನ ಬ್ಯಾಕ್ಟೀರಿಯಾ ಕುರಿತ ಸಂಶೋಧನೆಯ ಬಹುಪಾಲು ನಡೆದಿರುವುದು ಚೆಕ್‌ಪಾಯಿಂಟ್ ಇನ್ಹಿಬಿಟರ್ ಎಂಬ ಗುಂಪಿನ ಔಷಧಗಳ ಮೇಲೆ. ರೋಗಾಣು ಮತ್ತು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ರೋಗನಿರೋಧಕ ಕೋಶಗಳಾದ ನಮ್ಮ ಟಿ ಕೋಶಗಳು ಅತಿರೇಕಕ್ಕೆ ಹೋಗಿ ಸ್ವಂತ ದೇಹವನ್ನೇ ಹಾಳುಮಾಡದಂತೆ ಅವುಗಳ ಮೈಮೇಲೆ ಕಡಿವಾಣದಂಥ ಪ್ರೋಟೀನುಗಳಿರುತ್ತವೆ. ಸಿಟಿಎಲ್‌ಎ-4 ಮತ್ತು ಪಿಡಿ-1 ಅವುಗಳಲ್ಲಿ ಮುಖ್ಯವಾದವು. ಕ್ಯಾನ್ಸರ್ ಕೋಶಗಳು ಇಂಥ ಕಡಿವಾಣವನ್ನು ಹಿಡಿದೆಳೆದು ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಔಷಧ ಅದನ್ನು ಬಿಡಿಸುತ್ತದೆ. ಈ ಗುಂಪಿನ ಮೊದಲ ಔಷಧವಾದ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ 2011ರಲ್ಲಿ ಅನುಮತಿ ಸಿಕ್ಕಿತು, ಪೆಂಬ್ರೊಲಿಝುಮ್ಯಾಬ್ ಮತ್ತು ನಿವೊಲುಮ್ಯಾಬ್‌ಗಳಿಗೆ 2014ರಲ್ಲಿ. ಇವುಗಳ ಹಿಂದಿನ ಮೂಲ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪ್ರಶಸ್ತಿ ಬಂತು.

ಮುಂದಿನ ಉತ್ತರಗಳಿಗೆಲ್ಲ ಬುನಾದಿಯಾದ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕಿಮೋಥೆರಪಿಯ ಹಾಗೆ ಈ ಔಷಧಗಳು ತಾವಾಗಿ ಕ್ಯಾನ್ಸರ್ ಕೋಶವನ್ನು ಕೊಲ್ಲುವುದಿಲ್ಲ, ಆ ಕೆಲಸ ಮಾಡುವುದು ರೋಗಿಯ ಟಿ ಕೋಶಗಳೇ. ಹಾಗಾಗಿ ರೋಗನಿರೋಧಕ ವ್ಯವಸ್ಥೆಯನ್ನು ಹದಗೊಳಿಸುವ ಅಥವಾ ಕೆಡಿಸುವ ಯಾವುದೇ ಅಂಶ ಔಷಧದ ಫಲವನ್ನೂ ಮುಟ್ಟುತ್ತದೆ.

ಪ್ರಶ್ನೆ: ಕರುಳಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಚರ್ಮದಲ್ಲೋ ಶ್ವಾಸಕೋಶದಲ್ಲೋ ಇರುವ ಗಡ್ಡೆಗೂ ಎಲ್ಲಿಂದೆಲ್ಲಿಯ ಸಂಬಂಧ?

ವಯಸ್ಕರೊಬ್ಬರ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರ ಹೇಳುತ್ತದೆ. ಇದು ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮ. ಅವುಗಳಲ್ಲಿ ಬಹುತೇಕ ಎಲ್ಲವೂ ದೊಡ್ಡಕರುಳಿನಲ್ಲಿವೆ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದು ಲೋಳೆಪದರ ಮತ್ತು ಒಂದೇ ಒಂದು ಸಾಲಿನ ಜೀವಕೋಶಗಳು. ಇಷ್ಟು ತೆಳುವಾದ ಗಡಿಯನ್ನು ಕಾಯುವುದಕ್ಕಾಗಿಯೇ ದೇಹದ ರೋಗನಿರೋಧಕ ಕೋಶಗಳ ಬಹುದೊಡ್ಡ ಪಾಲು ಕರುಳಿನ ಸುತ್ತ ನೆಲೆಸಿದೆ. ಯಾರು ಮಿತ್ರ, ಯಾರು ಶತ್ರು ಎಂಬ ಪಾಠವನ್ನು ಈ ಕೋಶಗಳು ಹುಟ್ಟಿದಂದಿನಿಂದ ಅಲ್ಲಿಯೇ ಕಲಿಯುತ್ತವೆ, ಮತ್ತು ಕಲಿತವು ಅಲ್ಲಿಯೇ ಉಳಿಯದೆ ರಕ್ತ ಮತ್ತು ದುಗ್ಧನಾಳಗಳ ಮೂಲಕ ದೇಹವೆಲ್ಲ ಸುತ್ತುತ್ತವೆ.

ಪ್ರಶ್ನೆ: ಈ ನಂಟು ಮೊದಲು ಪತ್ತೆಯಾದದ್ದು ಹೇಗೆ?

ಇಲಿಗಳ ಒಂದು ವಿಚಿತ್ರ ವರ್ತನೆಯಿಂದ. ಷಿಕಾಗೊ ವಿಶ್ವವಿದ್ಯಾಲಯದ ಥಾಮಸ್ ಗಜೆವ್ಸ್ಕಿ ಅವರ ತಂಡ ವಂಶವಾಹಿಯಲ್ಲಿ ಒಂದೇ ಎನ್ನಬಹುದಾದ ಇಲಿಗಳನ್ನು ಪ್ರಯೋಗದ ಇಲಿಗಳನ್ನು ಸಾಕಿ ಮಾರುವ ಜಾಕ್ಸನ್ ಮತ್ತು ಟಾಕೋನಿಕ್ ಎಂಬ ಎರಡು ಬೇರೆ ಬೇರೆ ಕಡೆಗಳಿಂದ ತರಿಸಿ, ಎರಡಕ್ಕೂ ಒಂದೇ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಕೋಶಗಳನ್ನು ಚುಚ್ಚಿತು. ಟಾಕೋನಿಕ್‌ನಿಂದ ಬಂದವುಗಳಲ್ಲಿ ಗಡ್ಡೆ ಬೇಗ ಬೆಳೆಯಿತು, ಜಾಕ್ಸನ್‌ನಿಂದ ಬಂದವುಗಳಲ್ಲಿ ನಿಧಾನವಾಗಿ. ಗಡ್ಡೆಯೂ ಒಂದೇ, ಇಲಿಯ ತಳಿಯೂ ಒಂದೇ. ಹಾಗಾದರೆ ಬೇರೆಯಾಗಿರುವುದು ಯಾವುದು ಎಂಬುದು ಪ್ರಶ್ನೆ.

ಇದಕ್ಕೆ ಅವರು ಮಾಡಿದ ಪರೀಕ್ಷೆ ಬಹಳ ಸರಳ. ಎರಡೂ ಬಗೆಯ ಇಲಿಗಳನ್ನು ಒಂದೇ ಬೋನಿನಲ್ಲಿ ಒಟ್ಟಿಗೆ ಸಾಕಿದರು. ಇಲಿಗಳು ಪರಸ್ಪರರ ಹಿಕ್ಕೆಯನ್ನು ತಿನ್ನುತ್ತವೆ. ಹಾಗಾಗಿ ಜೊತೆಗಿದ್ದ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ತಾನಾಗಿ ಹಂಚಿಹೋಗುತ್ತದೆ. ಒಟ್ಟಿಗೆ ಬಾಳಿದ ಮೇಲೆ ಗಡ್ಡೆ ಬೆಳೆಯುವ ವೇಗದಲ್ಲಿದ್ದ ಅಂತರ ಮಾಯವಾಯಿತು. ಜಾಕ್ಸನ್ ಇಲಿಗಳ ಹಿಕ್ಕೆಯನ್ನು ಟಾಕೋನಿಕ್ ಇಲಿಗಳ ಹೊಟ್ಟೆಗೆ ನೇರವಾಗಿ ಸೇರಿಸಿದಾಗಲೂ ಗಡ್ಡೆಯ ವೇಗ ತಗ್ಗಿತು, ಮತ್ತು ಪಿಡಿ-1 ಕಡಿವಾಣವನ್ನು ಎಳೆಯಲು ಕ್ಯಾನ್ಸರ್ ಕೋಶಗಳು ಬಳಸುವ ಪಿಡಿ-ಎಲ್1 ಎಂಬ ಪ್ರೋಟೀನನ್ನು ತಡೆಯುವ ಔಷಧವನ್ನು ಜೊತೆಗೆ ಕೊಟ್ಟಾಗ ಪರಿಣಾಮ ಇನ್ನೂ ಹೆಚ್ಚಾಯಿತು. ಹುಡುಕುತ್ತಾ ಹೋದಾಗ ಬೈಫಿಡೋಬ್ಯಾಕ್ಟೀರಿಯಂ ಎಂಬ ಕುಲದ ಬ್ಯಾಕ್ಟೀರಿಯಾ ಕೈಗೆ ಸಿಕ್ಕಿತು. ಇದು 2015ರಲ್ಲಿ ಪ್ರಕಟವಾಯಿತು. ಅದೇ ವರ್ಷ ಫ್ರಾನ್ಸಿನ ಗುಸ್ತಾವ್ ರೂಸಿ ಸಂಸ್ಥೆಯ ಲಾರೆನ್ಸ್ ಜಿಟ್ವೊಗೆಲ್ ಅವರ ತಂಡವು, ಬ್ಯಾಕ್ಟೀರಿಯಾವೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸಿಟಿಎಲ್‌ಎ-4 ತಡೆಯುವ ಔಷಧ ಕೆಲಸ ಮಾಡುವುದಿಲ್ಲವೆಂದೂ, ಬ್ಯಾಕ್ಟೀರಾಯ್ಡಿಸ್ ಕುಲದ ಕೆಲವು ಪ್ರಭೇದಗಳನ್ನು ಕೊಟ್ಟರೆ ಮತ್ತೆ ಕೆಲಸ ಮಾಡುತ್ತದೆಂದೂ ತೋರಿಸಿತು. ಎರಡು ತಂಡಗಳು, ಎರಡು ಔಷಧಗಳು, ಎರಡು ಬೇರೆ ಬ್ಯಾಕ್ಟೀರಿಯಾಗಳು. ಈ ಕೊನೆಯ ಅಂಶವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪ್ರಶ್ನೆ: ಅದು ಇಲಿಗಳ ಮಾತಾಯಿತು. ಮನುಷ್ಯರಲ್ಲಿ ಏನು ಕಂಡಿದೆ?

2018ರ ಜನವರಿಯಲ್ಲಿ ಸೈನ್ಸ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮೂರು ಅಧ್ಯಯನಗಳು ಮುದ್ರಣಗೊಂಡವು. ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೆನಿಫರ್ ವಾರ್ಗೊ ಅವರ ತಂಡವು ಮೆಲನೋಮಾ ರೋಗಿಗಳಲ್ಲಿ, ಔಷಧ ಫಲಿಸಿದವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿರುವುದನ್ನೂ ರೂಮಿನೊಕಾಕೇಸಿಯೆ ಕುಟುಂಬದ ಬ್ಯಾಕ್ಟೀರಿಯಾಗಳು ಸಮೃದ್ಧವಾಗಿರುವುದನ್ನೂ ಕಂಡಿತು. ಫ್ರಾನ್ಸಿನ ತಂಡವು ಶ್ವಾಸಕೋಶ, ಮೂತ್ರಪಿಂಡ ಮತ್ತು ಮೂತ್ರನಾಳದ ಕ್ಯಾನ್ಸರ್ ಇದ್ದ 249 ರೋಗಿಗಳನ್ನು ಗಮನಿಸಿ ಅಕರ್ಮೆನ್ಸಿಯ ಮ್ಯೂಸಿನಿಫಿಲ ಎಂಬ, ಲೋಳೆಯನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾದತ್ತ ಬೆರಳು ತೋರಿಸಿತು. ಷಿಕಾಗೊದ ತಂಡ 42 ಮೆಲನೋಮಾ ರೋಗಿಗಳಲ್ಲಿ ಬೈಫಿಡೋಬ್ಯಾಕ್ಟೀರಿಯಂ ಲಾಂಗಮ್ ಸೇರಿದಂತೆ ಬೇರೆಯದೇ ಪಟ್ಟಿಯನ್ನು ಕೊಟ್ಟಿತು.

ಇಂಥ ಅಧ್ಯಯನಗಳು ತೋರಿಸುವುದು ಎರಡು ಸಂಗತಿಗಳು ಜೊತೆಜೊತೆಗೆ ಇರುತ್ತವೆ ಎಂಬುದನ್ನು ಮಾತ್ರ. ಒಂದರಿಂದಲೇ ಇನ್ನೊಂದು ಆಯಿತೆಂದು ಅಷ್ಟರಿಂದಲೇ ಹೇಳಲಾಗದು. ಅದಕ್ಕಾಗಿಯೇ ಮೂರೂ ತಂಡಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಔಷಧ ಫಲಿಸಿದ ರೋಗಿಗಳ ಮಲವನ್ನು ಕೆಲವು ಇಲಿಗಳಿಗೂ ಫಲಿಸದವರ ಮಲವನ್ನು ಇನ್ನು ಕೆಲವಕ್ಕೂ ಸೇರಿಸಿದವು. ಮೊದಲನೆಯ ಗುಂಪಿನ ಇಲಿಗಳಲ್ಲಿ ಔಷಧ ಚೆನ್ನಾಗಿ ಕೆಲಸ ಮಾಡಿತು, ಎರಡನೆಯದರಲ್ಲಿ ಮಾಡಲಿಲ್ಲ. ನನ್ನ ಮಟ್ಟಿಗೆ ಆ ಮೂರು ಲೇಖನಗಳ ನಿಜವಾದ ತೂಕ ಇರುವುದು ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಲ್ಲ, ಈ ಪ್ರಯೋಗದಲ್ಲಿ.

ಪ್ರಶ್ನೆ: ಹಾಗಾದರೆ ಯಾವುದು ಒಳ್ಳೆಯ ಬ್ಯಾಕ್ಟೀರಿಯಾ, ಯಾವುದು ಕೆಟ್ಟದ್ದು?

ಎಲ್ಲರಿಗೂ ಸಲ್ಲುವ ಪಟ್ಟಿ ಇಲ್ಲ. ಅಧ್ಯಯನದಿಂದ ಅಧ್ಯಯನಕ್ಕೆ ಹೆಸರುಗಳು ಬದಲಾಗುತ್ತವೆ. ಬ್ರಿಟನ್, ನೆದರ್ಲೆಂಡ್ಸ್ ಮತ್ತು ಸ್ಪೇನ್‌ಗಳ ಮೆಲನೋಮಾ ರೋಗಿಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯು, ಬ್ಯಾಕ್ಟೀರಿಯಾಕ್ಕೂ ಚಿಕಿತ್ಸೆಯ ಫಲಕ್ಕೂ ನಂಟಿರುವುದು ನಿಜವಾದರೂ ಒಂದು ಊರಿನ ಗುಂಪಿನಲ್ಲಿ ಕಂಡ ಗುರುತು ಇನ್ನೊಂದರಲ್ಲಿ ಸರಿಯಾಗಿ ಮರುಕಳಿಸುವುದಿಲ್ಲವೆಂದು ತೋರಿಸಿತು. ಆಹಾರ, ವಯಸ್ಸು, ಸೇವಿಸುತ್ತಿರುವ ಇತರ ಔಷಧ, ಮಾದರಿಯನ್ನು ಸಂಗ್ರಹಿಸಿ ಓದುವ ವಿಧಾನ, ಎಲ್ಲವೂ ಲೆಕ್ಕವನ್ನು ಅಲ್ಲಾಡಿಸುತ್ತವೆ.

ಅಕರ್ಮೆನ್ಸಿಯದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಶ್ವಾಸಕೋಶದ ಕ್ಯಾನ್ಸರ್ ಇದ್ದ 338 ರೋಗಿಗಳ ಮೇಲೆ ಫ್ರಾನ್ಸ್ ಮತ್ತು ಕೆನಡಾದಲ್ಲಿ ನಡೆದ ಅಧ್ಯಯನದಲ್ಲಿ ಅದು ಇದ್ದವರಿಗೆ ಒಟ್ಟಾರೆ ಲಾಭ ಕಂಡಿತು. ಆದರೆ ಅದು ಮಿತಿಮೀರಿ ಬೆಳೆದಿದ್ದವರ ಸ್ಥಿತಿ ಹಾಗಿರಲಿಲ್ಲ. ಅವರಲ್ಲಿ ಫಲ ಕುಂದಿತ್ತು. ಕರುಳು ಒಂದು ಕಾಡಿನಂತೆ. ಅಲ್ಲಿ ಒಂದು ಮರದ ಹೆಸರು ಹಿಡಿದು ಕಾಡಿನ ಆರೋಗ್ಯ ಹೇಳಲಾಗುವುದಿಲ್ಲ.

ಪ್ರಶ್ನೆ: ಬ್ಯಾಕ್ಟೀರಿಯಾ ಗಡ್ಡೆಯವರೆಗೆ ತನ್ನ ಪ್ರಭಾವವನ್ನು ಹೇಗೆ ಮುಟ್ಟಿಸುತ್ತದೆ?

ಒಂದಲ್ಲ, ಹಲವು ದಾರಿಗಳಿವೆ. ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳನ್ನು ಡೆಂಡ್ರಿಟಿಕ್ ಕೋಶಗಳೆಂಬ ರೋಗನಿರೋಧಕ ಕೋಶಗಳು ಗುರುತಿಸಿ ಎಚ್ಚರಗೊಳ್ಳುತ್ತವೆ. ಎಚ್ಚರಗೊಂಡ ಡೆಂಡ್ರಿಟಿಕ್ ಕೋಶ ಟಿ ಕೋಶಗಳಿಗೆ ಗಡ್ಡೆಯ ಗುರುತನ್ನು ತೋರಿಸುವ ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಎಂಟೆರೊಕಾಕಸ್ ಕುಲದ ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಕವಚವನ್ನು ಕತ್ತರಿಸುವ ಒಂದು ಕಿಣ್ವವನ್ನು ಸ್ರವಿಸುತ್ತವೆಂದೂ, ಆ ಚೂರುಗಳೇ ಇಲಿಗಳಲ್ಲಿ ಔಷಧದ ಬಲ ಹೆಚ್ಚಿಸುತ್ತವೆಂದೂ 2021ರಲ್ಲಿ ತಿಳಿದುಬಂತು. ಎರಡನೆಯದು, ಬ್ಯಾಕ್ಟೀರಿಯಾ ತಯಾರಿಸುವ ಸಣ್ಣ ಅಣುಗಳ ದಾರಿ. ಬೈಫಿಡೋಬ್ಯಾಕ್ಟೀರಿಯಂನ ಒಂದು ಪ್ರಭೇದ ಹೊರಬಿಡುವ ಇನೋಸಿನ್ ಎಂಬ ಅಣು ರಕ್ತ ಸೇರಿ ಟಿ ಕೋಶಗಳನ್ನು ಹುರಿದುಂಬಿಸುವುದು 2020ರಲ್ಲಿ ಇಲಿಗಳಲ್ಲಿ ಕಂಡಿತು. ಮೂರನೆಯದು ಹೋಲಿಕೆಯ ದಾರಿ: ಬ್ಯಾಕ್ಟೀರಿಯಾದ ಅಥವಾ ಅದರೊಳಗೆ ಅಡಗಿರುವ ವೈರಸ್ಸಿನ ಪ್ರೋಟೀನೊಂದು ಗಡ್ಡೆಯ ಪ್ರೋಟೀನನ್ನು ಹೋಲುತ್ತಿದ್ದರೆ, ಒಂದರ ವಿರುದ್ಧ ಸಜ್ಜಾದ ಟಿ ಕೋಶ ಇನ್ನೊಂದರ ಮೇಲೂ ಎರಗಬಹುದು.

2023ರಲ್ಲಿ ಪ್ರಕಟವಾದ ಇನ್ನೊಂದು ವಿವರಣೆ ನನಗೆ ಎಲ್ಲಕ್ಕಿಂತ ಮನದಟ್ಟಾಗುವಂತೆ ಕಂಡಿದೆ, ಏಕೆಂದರೆ ಅದು ಮುಂದಿನ ಪ್ರಶ್ನೆಗೂ ಉತ್ತರ ಕೊಡುತ್ತದೆ. ಕರುಳಿನ ರಕ್ತನಾಳಗಳ ಗೋಡೆಯಲ್ಲಿ ಮ್ಯಾಡ್‌ಕ್ಯಾಮ್-1 ಎಂಬ ಪ್ರೋಟೀನಿದೆ. ಕರುಳಿಗೆ ಸೇರಿದ ರೋಗನಿರೋಧಕ ಕೋಶಗಳು ಅದಕ್ಕೆ ಅಂಟಿಕೊಂಡು ಅಲ್ಲಿಯೇ ತಂಗುತ್ತವೆ. ಆಂಟಿಬಯಾಟಿಕ್ ಕೊಟ್ಟು ನಿಲ್ಲಿಸಿದ ಮೇಲೆ ಕರುಳನ್ನು ಮತ್ತೆ ಆಕ್ರಮಿಸುವ ಕೆಲವು ಬ್ಯಾಕ್ಟೀರಿಯಾಗಳು ಈ ಪ್ರೋಟೀನನ್ನು ತಗ್ಗಿಸುತ್ತವೆ. ಹಿಡಿತ ತಪ್ಪಿದ ಕೋಶಗಳು ಕರುಳನ್ನು ಬಿಟ್ಟು ಗಡ್ಡೆಯತ್ತ ಹೋಗುತ್ತವೆ, ಮತ್ತು ಹೀಗೆ ಹೋಗುವ ಕೋಶಗಳು ಕಾದಾಡುವ ಬಗೆಯವಲ್ಲ, ಕಾಳಗವನ್ನು ತಣಿಸುವ ಬಗೆಯವು.

ಪ್ರಶ್ನೆ: ಆಂಟಿಬಯಾಟಿಕ್ ತೆಗೆದುಕೊಂಡರೆ ಇಮ್ಯುನೋಥೆರಪಿ ವ್ಯರ್ಥವಾಗುತ್ತದೆಯೇ?

ವ್ಯರ್ಥವಾಗುತ್ತದೆ ಎನ್ನುವುದು ತಪ್ಪು. ಫಲ ಕುಂದುವ ಸಾಧ್ಯತೆಯನ್ನು ಹಲವು ಅಧ್ಯಯನಗಳು ಕಂಡಿವೆ ಎನ್ನುವುದು ಸರಿ. ಮೇಲೆ ಹೇಳಿದ 249 ರೋಗಿಗಳಲ್ಲಿ 69 ಜನ ಚಿಕಿತ್ಸೆಯ ಆಸುಪಾಸಿನಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರು, ಅವರಲ್ಲಿ ರೋಗ ಬೇಗ ಮರುಕಳಿಸಿತು. 2019ರಲ್ಲಿ ಪ್ರಕಟವಾದ, 196 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ಚಿಕಿತ್ಸೆ ಆರಂಭವಾಗುವ ಹಿಂದಿನ 30 ದಿನಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡವರ ಬದುಕಿನ ಮಧ್ಯಾಂಕ ಅವಧಿ (ಅಂದರೆ ಅರ್ಧದಷ್ಟು ಜನ ಬದುಕಿದ್ದ ಅವಧಿ) 2 ತಿಂಗಳು, ತೆಗೆದುಕೊಳ್ಳದವರದು 26 ತಿಂಗಳು. ಚಿಕಿತ್ಸೆ ನಡೆಯುತ್ತಿರುವಾಗ ತೆಗೆದುಕೊಂಡವರಲ್ಲಿ ಅಂಥ ಅಂತರ ಕಾಣಲಿಲ್ಲ.

ಈ ಅಂಕಿಗಳನ್ನು ಓದಿ ಗಾಬರಿಯಾಗುವುದು ಸಹಜ, ಆದರೆ ಅವನ್ನು ಹಾಗೆಯೇ ನುಂಗಬಾರದು. ಆಂಟಿಬಯಾಟಿಕ್ ಬೇಕಾದವರು ಸಾಮಾನ್ಯವಾಗಿ ಮೊದಲೇ ಹೆಚ್ಚು ಬಳಲಿದವರು, ಸೋಂಕು ತಗುಲಿದವರು, ಆಸ್ಪತ್ರೆಯಲ್ಲಿ ಮಲಗಿದವರು. ಅವರ ಕೆಟ್ಟ ಫಲಿತಾಂಶಕ್ಕೆ ಔಷಧ ಎಷ್ಟು ಕಾರಣ, ಆ ದೌರ್ಬಲ್ಯ ಎಷ್ಟು ಕಾರಣ ಎಂದು ಬಿಡಿಸಿ ಹೇಳುವುದು ಕಷ್ಟ. ಕ್ಯಾನ್ಸರ್ ರೋಗಿಯಲ್ಲಿ ಸೋಂಕನ್ನು ಚಿಕಿತ್ಸೆಯಿಲ್ಲದೆ ಬಿಡುವುದು ಪ್ರಾಣಕ್ಕೇ ಅಪಾಯ. ನ್ಯುಮೋನಿಯಾ ಆದಾಗ ವೈದ್ಯರು ಬರೆದ ಆಂಟಿಬಯಾಟಿಕ್ ಅನ್ನು ಕರುಳಿನ ನೆಪ ಹೇಳಿ ಬಿಡಬೇಡಿ. ಬಿಡಬೇಕಾದದ್ದು ನೆಗಡಿಗೆ, ವೈರಲ್ ಜ್ವರಕ್ಕೆ, ಮುನ್ನೆಚ್ಚರಿಕೆ ಎಂದುಕೊಂಡು ತಾವೇ ಅಂಗಡಿಯಿಂದ ತಂದು ನುಂಗುವ ಮಾತ್ರೆಗಳನ್ನು. ಕಳೆದ ಎರಡು ತಿಂಗಳಲ್ಲಿ ಯಾವ ಆಂಟಿಬಯಾಟಿಕ್ ಎಷ್ಟು ದಿನ ತೆಗೆದುಕೊಂಡಿರಿ ಎಂಬುದನ್ನು ಕ್ಯಾನ್ಸರ್ ವೈದ್ಯರಿಗೆ, ಅವರು ಕೇಳದಿದ್ದರೂ, ಹೇಳಿ.

ಪ್ರಶ್ನೆ: ಆಸಿಡಿಟಿ ಮಾತ್ರೆಗಳು?

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳು ಹೊಟ್ಟೆಯ ಆಮ್ಲವನ್ನು ತಗ್ಗಿಸುವುದರಿಂದ ಕರುಳಿನ ಬ್ಯಾಕ್ಟೀರಿಯಾಗಳ ಹಂಚಿಕೆಯೂ ಬದಲಾಗುತ್ತದೆ, ಮತ್ತು ಇವನ್ನು ಸೇವಿಸುವವರಲ್ಲಿ ಇಮ್ಯುನೋಥೆರಪಿಯ ಫಲ ಕಡಿಮೆಯಿರುವುದನ್ನು ಕೆಲವು ವಿಶ್ಲೇಷಣೆಗಳು ಗುರುತಿಸಿವೆ. ಪುರಾವೆ ಆಂಟಿಬಯಾಟಿಕ್‌ನಷ್ಟು ಗಟ್ಟಿಯಿಲ್ಲ. ಹುಣ್ಣು, ರಕ್ತಸ್ರಾವ ಮುಂತಾದ ಕಾರಣಕ್ಕೆ ಕೊಟ್ಟಿದ್ದರೆ ನಿಲ್ಲಿಸಬಾರದು; ಅಭ್ಯಾಸಬಲದಿಂದ ವರ್ಷಗಟ್ಟಲೆ ನಡೆದುಬಂದಿದ್ದರೆ ಇನ್ನೂ ಬೇಕೇ ಎಂದು ಕೇಳಬಹುದು.

ಪ್ರಶ್ನೆ: ಪ್ರೋಬಯಾಟಿಕ್ ಮಾತ್ರೆ, ಅಂದರೆ ಜೀವಂತ ಬ್ಯಾಕ್ಟೀರಿಯಾ ತುಂಬಿದ ಮಾತ್ರೆ, ಕೊಂಡು ತಿಂದರೆ ಆಗದೇ?

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದು. ಸದ್ಯದ ಪುರಾವೆ ಇದರ ವಿರುದ್ಧವಾಗಿ ವಾಲುತ್ತದೆ. 2021ರ ಕೊನೆಯಲ್ಲಿ ವಾರ್ಗೊ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಮೆಲನೋಮಾ ಇದ್ದ ಇಲಿಗಳಿಗೆ ಬೈಫಿಡೋಬ್ಯಾಕ್ಟೀರಿಯಂ ಮತ್ತು ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಸಾಮಾನ್ಯ ಪ್ರೋಬಯಾಟಿಕ್‌ಗಳನ್ನು ಕೊಟ್ಟಾಗ ಔಷಧದ ಫಲ ಹೆಚ್ಚುವ ಬದಲು ಕುಂದಿತು. ಅದೇ ಅಧ್ಯಯನದ ರೋಗಿಗಳ ಪೈಕಿ ಅತ್ಯುತ್ತಮ ಫಲ ಕಂಡದ್ದು ಸಾಕಷ್ಟು ನಾರು ತಿನ್ನುತ್ತಿದ್ದು ಪ್ರೋಬಯಾಟಿಕ್ ತೆಗೆದುಕೊಳ್ಳದವರಲ್ಲಿ. ಒಂದೆರಡು ಪ್ರಭೇದಗಳನ್ನು ಭಾರಿ ಸಂಖ್ಯೆಯಲ್ಲಿ ಸುರಿದಾಗ ಮೊದಲಿದ್ದ ವೈವಿಧ್ಯ ಮೂಲೆಗೆ ಸರಿಯುವುದು ಇದಕ್ಕೆ ಕಾರಣವಿರಬಹುದು.

ಇದಕ್ಕೆ ಒಂದು ಅಪವಾದದಂಥ ಪ್ರಯೋಗವಿದೆ. ಹರಡಿದ ಮೂತ್ರಪಿಂಡದ ಕ್ಯಾನ್ಸರ್ ಇದ್ದ 30 ರೋಗಿಗಳಲ್ಲಿ ಸಿಬಿಎಂ588 ಎಂಬ, ಕ್ಲಾಸ್ಟ್ರಿಡಿಯಂ ಬ್ಯುಟಿರಿಕಂ ಇರುವ ಉತ್ಪನ್ನವನ್ನು ಎರಡು ಇಮ್ಯುನೋಥೆರಪಿ ಔಷಧಗಳ ಜೊತೆ ಕೊಟ್ಟಾಗ, ರೋಗ ಬೆಳೆಯದೆ ಉಳಿದ ಅವಧಿಯ ಮಧ್ಯಾಂಕ 12.7 ತಿಂಗಳು, ಕೊಡದವರಲ್ಲಿ 2.5 ತಿಂಗಳು ಎಂದು 2022ರಲ್ಲಿ ವರದಿಯಾಯಿತು. ಆಕರ್ಷಕ ಅಂಕಿ. ಆದರೆ ಹೋಲಿಕೆಯ ಗುಂಪು ತೀರ ಚಿಕ್ಕದು, ಮತ್ತು ಅದರ 2.5 ತಿಂಗಳು ಅದೇ ಔಷಧಗಳ ದೊಡ್ಡ ಪ್ರಯೋಗದಲ್ಲಿ ಕಂಡದ್ದಕ್ಕಿಂತ ಬಹಳ ಕೆಳಗಿದೆ. ವೈದ್ಯಕೀಯ ಪ್ರಯೋಗದಲ್ಲಿ ಒಂದು ನಿರ್ದಿಷ್ಟ ತಳಿಯನ್ನು ಅಳೆದು ಕೊಡುವುದೇ ಬೇರೆ, ಅಂಗಡಿಯ ಡಬ್ಬಿಯೇ ಬೇರೆ.

ಪ್ರಶ್ನೆ: ನಾರಿನಂಶದ ಬಗ್ಗೆ ಹೇಳಿದಿರಿ. ಎಷ್ಟು ತಿನ್ನಬೇಕು?

ಅದೇ 2021ರ ಅಧ್ಯಯನವು 128 ರೋಗಿಗಳ ಆಹಾರವನ್ನು ವಿಚಾರಿಸಿ, ದಿನಕ್ಕೆ 20 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನಾರು ತಿನ್ನುತ್ತಿದ್ದವರಲ್ಲಿ ರೋಗ ಹತೋಟಿಯಲ್ಲಿದ್ದ ಅವಧಿ ಹೆಚ್ಚಿತ್ತೆಂದು ಕಂಡಿತು. ದಿನದ ನಾರು 5 ಗ್ರಾಂ ಹೆಚ್ಚಿದಂತೆಲ್ಲ ರೋಗ ಬೆಳೆಯುವ ಅಥವಾ ಸಾವಿನ ಅಪಾಯ ಶೇ. 30ರಷ್ಟು ಕಡಿಮೆ. ಇದೂ ಗಮನಿಸಿ ಕಂಡದ್ದು, ಪ್ರಯೋಗ ಮಾಡಿ ಸಿದ್ಧಪಡಿಸಿದ್ದಲ್ಲ. ನಾರು ಹೆಚ್ಚು ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯವಂತರಾಗಿರಬಹುದು. ಹಾಗಿದ್ದರೂ ಬೇಳೆಕಾಳು, ತರಕಾರಿ, ಹಣ್ಣು, ಇಡೀ ಧಾನ್ಯಗಳನ್ನು ತಿನ್ನುವುದರಲ್ಲಿ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಕರುಳಿನ ಶಸ್ತ್ರಚಿಕಿತ್ಸೆ ಆಗಿದ್ದರೆ, ಕರುಳು ಕಟ್ಟುವ ಅಪಾಯವಿದ್ದರೆ, ಅಥವಾ ಭೇದಿ ನಡೆಯುತ್ತಿದ್ದರೆ ಮಾತ್ರ ಈ ಸಲಹೆ ತಲೆಕೆಳಗಾಗುತ್ತದೆ. ಆಗ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಪ್ರಶ್ನೆ: ಮಲ ಕಸಿ ಎಂದರೇನು? ಅದರಿಂದ ಕ್ಯಾನ್ಸರ್ ಗುಣವಾಗುತ್ತದೆಯೇ?

ಆರೋಗ್ಯವಂತ ದಾನಿಯ ಮಲವನ್ನು ಹಲವು ಪರೀಕ್ಷೆಗಳಿಗೆ ಒಳಪಡಿಸಿ, ಲವಣದ ದ್ರಾವಣದಲ್ಲಿ ಕದಡಿ, ಸೋಸಿ, ಉಳಿದ ಕಂದು ದ್ರವವನ್ನು ಶೈತ್ಯದಲ್ಲಿ ಕಾಪಿಟ್ಟು, ಕೊಲೊನೊಸ್ಕೋಪಿಯ ಮೂಲಕ ಅಥವಾ ಕ್ಯಾಪ್ಸೂಲ್ ರೂಪದಲ್ಲಿ ರೋಗಿಯ ಕರುಳಿಗೆ ಸೇರಿಸುವ ವಿಧಾನವೇ ಮಲ ಕಸಿ. ಕ್ಯಾಪ್ಸೂಲಿಗೆ ವಾಸನೆ ಇರುವುದಿಲ್ಲ, ಆದರೆ ಒಂದೇ ಬಾರಿಗೆ ಹತ್ತಾರು ನುಂಗಬೇಕಾಗಬಹುದು. ಕೇಳಿದೊಡನೆ ಮುಖ ಸಿಂಡರಿಸುವವರೇ ಹೆಚ್ಚು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಹಠಮಾರಿ ಸೋಂಕಿಗೆ ಇದು ಈಗಾಗಲೇ ಒಪ್ಪಿತ ಚಿಕಿತ್ಸೆ.

ಕ್ಯಾನ್ಸರಿನಲ್ಲಿ ಮೊದಲ ಎರಡು ಪ್ರಯೋಗಗಳು 2021ರ ಫೆಬ್ರವರಿಯಲ್ಲಿ ಪ್ರಕಟವಾದವು. ಎರಡರಲ್ಲೂ ಇದ್ದವರು ಪಿಡಿ-1 ಔಷಧ ಫಲಿಸದೆ ಹೋದ ಮೆಲನೋಮಾ ರೋಗಿಗಳು. ದಾನಿಗಳು ಅದೇ ಬಗೆಯ ಔಷಧದಿಂದ ಚೇತರಿಸಿಕೊಂಡವರು. ಇಸ್ರೇಲಿನ ಶೀಬಾ ವೈದ್ಯಕೀಯ ಕೇಂದ್ರದಲ್ಲಿ 10 ರೋಗಿಗಳ ಪೈಕಿ 3 ಜನರ ಗಡ್ಡೆ ಕುಗ್ಗಿತು, ಅವರಲ್ಲಿ ಒಬ್ಬರದು ಪೂರ್ತಿ ಮಾಯವಾಯಿತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಲೆಕ್ಕಕ್ಕೆ ಸಿಕ್ಕ 15 ಜನರಲ್ಲಿ 6 ಜನರಿಗೆ ಪ್ರಯೋಜನವಾಯಿತು. ಅದೇ ಔಷಧ ಒಮ್ಮೆ ಸೋತಿದ್ದ ದೇಹಗಳಲ್ಲಿ ಇದು ಆಯಿತೆಂಬುದೇ ಇಲ್ಲಿಯ ಬೆರಗು. 2023ರಲ್ಲಿ ಕೆನಡಾದ ವೈದ್ಯರು, ಹಿಂದೆ ಚಿಕಿತ್ಸೆಯನ್ನೇ ಪಡೆಯದ 20 ಮೆಲನೋಮಾ ರೋಗಿಗಳಿಗೆ ಆರೋಗ್ಯವಂತ ದಾನಿಗಳ ಮಲದ ಕ್ಯಾಪ್ಸೂಲ್‌ಗಳನ್ನು ಮೊದಲು ಕೊಟ್ಟು ನಂತರ ಔಷಧ ಆರಂಭಿಸಿದಾಗ 13 ಜನರಲ್ಲಿ, ಅಂದರೆ ಶೇ. 65ರಷ್ಟು ಜನರಲ್ಲಿ, ಗಡ್ಡೆ ಕುಗ್ಗಿತು.

ಈ ಮೂರರಲ್ಲಿ ಯಾವುದರಲ್ಲೂ ಹೋಲಿಕೆಯ ಗುಂಪಿರಲಿಲ್ಲ. ಹೋಲಿಕೆಯಿದ್ದ ಒಂದು ಚಿಕ್ಕ ಪ್ರಯೋಗದ ಫಲಿತಾಂಶವನ್ನೂ ಹೇಳದಿದ್ದರೆ ಚಿತ್ರ ಏಕಪಕ್ಷೀಯವಾದೀತು: ಮಲದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಬೀಜಾಣುಗಳ ಕ್ಯಾಪ್ಸೂಲನ್ನು, ಮೊದಲು ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟು, 14 ಮೆಲನೋಮಾ ರೋಗಿಗಳಲ್ಲಿ ಪರೀಕ್ಷಿಸಿದಾಗ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲೇ ಫಲ ಕಂಡವರ ಪ್ರಮಾಣ ಹೆಚ್ಚಿತ್ತು. ಬೀಜಾಣು ಕೆಲಸ ಮಾಡಲಿಲ್ಲವೋ, ನೆಲ ಹದಮಾಡಲೆಂದು ಕೊಟ್ಟ ಆಂಟಿಬಯಾಟಿಕ್ಕೇ ನೆಲವನ್ನು ಕೆಡಿಸಿತೋ ಎಂದು ಅಷ್ಟು ಚಿಕ್ಕ ಗುಂಪಿನಿಂದ ತೀರ್ಮಾನಿಸಲಾಗದು.

ಪ್ರಶ್ನೆ: ಮಲ ಕಸಿಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಖಂಡಿತ ಕೂಡದು. 2019ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಒಬ್ಬನೇ ದಾನಿಯ ಮಲ ಪಡೆದ, ರೋಗನಿರೋಧಕ ಶಕ್ತಿ ಕುಂದಿದ್ದ ಇಬ್ಬರಿಗೆ ಹಲವು ಔಷಧಗಳಿಗೆ ಬಗ್ಗದ ಇ. ಕೋಲಿ ಸೋಂಕು ತಗುಲಿತೆಂದೂ, ಅವರಲ್ಲಿ ಒಬ್ಬರು ತೀರಿಕೊಂಡರೆಂದೂ ಎಚ್ಚರಿಕೆ ಹೊರಡಿಸಿತು. ಅದು ವೈದ್ಯರ ಕಣ್ಗಾವಲಿನಲ್ಲಿ ನಡೆದ ಕಸಿ. ಆ ದಾನಿಯ ಮಲವನ್ನು ಇಂಥ ಬ್ಯಾಕ್ಟೀರಿಯಾಕ್ಕಾಗಿ ಪರೀಕ್ಷಿಸಿರಲಿಲ್ಲ.

ಪ್ರಶ್ನೆ: ಚಿಕಿತ್ಸೆಯ ಅಡ್ಡಪರಿಣಾಮಗಳಿಗೂ ಈ ಬ್ಯಾಕ್ಟೀರಿಯಾಗಳಿಗೂ ಸಂಬಂಧವಿದೆಯೇ?

ಇದೆ. ಕಡಿವಾಣ ಸಡಿಲವಾದ ಟಿ ಕೋಶಗಳು ಕೆಲವರಲ್ಲಿ ಕರುಳಿನ ಮೇಲೆಯೇ ತಿರುಗಿಬಿದ್ದು ಉರಿಯೂತ ತರುತ್ತವೆ. ದಿನಕ್ಕೆ ಹಲವು ಬಾರಿ ಭೇದಿ, ಹೊಟ್ಟೆನೋವು, ಮಲದಲ್ಲಿ ರಕ್ತ ಇದರ ಲಕ್ಷಣಗಳು. ಸ್ಟಿರಾಯ್ಡ್ ಮತ್ತಿತರ ಔಷಧಗಳಿಗೆ ಬಗ್ಗದ ಇಂಥ ಉರಿಯೂತ ಮಲ ಕಸಿಯಿಂದ ಹತೋಟಿಗೆ ಬಂದ ಇಬ್ಬರು ರೋಗಿಗಳ ವಿವರ 2018ರಲ್ಲಿ ಪ್ರಕಟವಾಯಿತು, ಆಮೇಲೆ ಇನ್ನಷ್ಟು ರೋಗಿಗಳಲ್ಲಿ ಇದನ್ನು ಪ್ರಯತ್ನಿಸಲಾಗಿದೆ. ಇಮ್ಯುನೋಥೆರಪಿಯಲ್ಲಿರುವವರಿಗೆ ಭೇದಿ ಶುರುವಾದರೆ ಅಂಗಡಿಯ ಮಾತ್ರೆ ನುಂಗಿ ಕಾಯಬಾರದು. ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು.

ಪ್ರಶ್ನೆ: ನನ್ನ ಕರುಳಿನ ಬ್ಯಾಕ್ಟೀರಿಯಾವನ್ನು ಪರೀಕ್ಷೆ ಮಾಡಿಸಿ, ಔಷಧ ಫಲಿಸುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯಬಹುದೇ?

ಅಂಥ ಅಂಕವನ್ನು ರೂಪಿಸುವ ಪ್ರಯತ್ನ ನಡೆದಿದೆ. ಫ್ರಾನ್ಸಿನ ತಂಡವು 2024ರಲ್ಲಿ, ಪರಸ್ಪರ ಜೊತೆಗೂಡಿ ಬೆಳೆಯುವ ಬ್ಯಾಕ್ಟೀರಿಯಾಗಳ ಎರಡು ಗುಂಪುಗಳ ಅನುಪಾತವನ್ನೂ ಅಕರ್ಮೆನ್ಸಿಯದ ಪ್ರಮಾಣವನ್ನೂ ಸೇರಿಸಿ ಒಂದು ಅಳತೆಯನ್ನು ಪ್ರಕಟಿಸಿತು. ಒಂದೊಂದೇ ಬ್ಯಾಕ್ಟೀರಿಯಾವನ್ನು ಹುಡುಕುವುದಕ್ಕಿಂತ ಇದು ಹೆಚ್ಚು ವಿವೇಕದ ದಾರಿಯೆಂದು ನನಗನಿಸುತ್ತದೆ. ಆದರೆ ಔಷಧ ಕೊಡಬೇಕೇ ಬೇಡವೇ ಎಂಬುದನ್ನು ವೈದ್ಯರು ಈಗಲೂ ನಿರ್ಧರಿಸುವುದು ಗಡ್ಡೆಯಲ್ಲಿ ಪಿಡಿ-ಎಲ್1 ಎಷ್ಟಿದೆ, ವಂಶವಾಹಿಯ ಬದಲಾವಣೆಗಳು ಎಷ್ಟಿವೆ, ರೋಗಿಯ ಒಟ್ಟು ಸ್ಥಿತಿ ಹೇಗಿದೆ ಎಂಬುದರ ಮೇಲೆ. ಮಾರುಕಟ್ಟೆಯಲ್ಲಿ ಸಿಗುವ ಮಲ ಪರೀಕ್ಷೆಯ ಬಣ್ಣಬಣ್ಣದ ವರದಿಯಲ್ಲಿ ವೈವಿಧ್ಯ ಕಡಿಮೆ ಎಂದು ಬಂದರೆ, ಆ ಕಾರಣಕ್ಕೆ ಚಿಕಿತ್ಸೆಯನ್ನು ತಡಮಾಡುವುದಾಗಲಿ ಬಿಡುವುದಾಗಲಿ ಸಲ್ಲದು. ಅದೇ ವ್ಯಕ್ತಿಯ ಮಾದರಿಯನ್ನು ಎರಡು ಪ್ರಯೋಗಾಲಯಗಳಿಗೆ ಕಳಿಸಿದರೆ ಎರಡು ಬೇರೆ ವರದಿಗಳು ಬರುವುದೂ ಉಂಟು.